ಹನ್ನೊಂದು ಡಿಗ್ರಿ

ಅವನು ಮೊದಲ ಸಲ ನಕ್ಷೆ ಕೋಣೆಗೆ ಬಂದ ಮಧ್ಯಾಹ್ನ ಅವಳು ಮೇಜಿನ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಳು.

ಹದಿನಾಲ್ಕು ವರ್ಷದ ನೌಕರಿಯಲ್ಲಿ ಹಾಗೆ ಎಂದೂ ಆಗಿರಲಿಲ್ಲ. ಆದರೆ ಆ ವಾರ ಮೂರು ನಕ್ಷೆಗಳು ಒಟ್ಟಿಗೆ ಮೈಮೇಲೆ ಬಿದ್ದಿದ್ದವು. ಅವಳ ಅಭ್ಯಾಸವೂ ಹಾಗೇ. ಒಂದೊಂದು ಗೆರೆಯನ್ನೂ ಮೂರು ಸಲ ಅಳೆದು ನೋಡಬೇಕು, ಇಲ್ಲದಿದ್ದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಆಫೀಸಿನಲ್ಲಿ ಅವಳನ್ನು ಹಿಂದಿನಿಂದ ‘ಮೂರ್ಸಲ ಮೇಡಂ’ ಎಂದು ಕರೆಯುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಗೊತ್ತಾದ ದಿನ ನಾಲ್ಕನೆಯ ಸಲವೂ ಅಳೆದು ನೋಡಿದ್ದಳು.

ಕಣ್ಣು ಬಿಟ್ಟಾಗ ಎದುರಿನ ಕುರ್ಚಿಯಲ್ಲಿ ಯಾರೋ ಕೂತಿದ್ದರು. ಬೂಟಿನಿಂದ ಹುಬ್ಬಿನವರೆಗೆ ಒಂದೇ ಬಣ್ಣದ ಧೂಳು. ತೊಡೆಯ ಮೇಲೆ ಕಲ್ಲು ಒಡೆಯುವ ಸುತ್ತಿಗೆ. ಕತ್ತು ಒಂದು ಕಡೆಗೆ ವಾಲಿತ್ತು. ಅವನೂ ಗಾಢ ನಿದ್ದೆಯಲ್ಲಿದ್ದ.

ಅವಳು ಬೇಕೆಂದೇ ಸ್ಕೇಲನ್ನು ಮೇಜಿನ ಮೇಲೆ ಟಪ್ಪೆಂದು ಇಟ್ಟಳು.

“ಯಾರು ಬೇಕಿತ್ತು?”

ಅವನು ಬೆಚ್ಚಿ ಸುತ್ತಿಗೆ ಹಿಡಿದುಕೊಂಡ. “ನೀವೇ ಬೇಕಿತ್ತು ಮೇಡಂ. ನೀವು ಎದ್ದ ಮೇಲೆ ಮಾತಾಡೋಣ ಅಂತ ಕೂತೆ.”

“ಎಬ್ಬಿಸಬಹುದಿತ್ತಲ್ಲ?”

“ಎಬ್ಬಿಸೋಣ ಅಂತಲೇ ಬಂದೆ. ನೋಡಿ ಹೊಟ್ಟೆಕಿಚ್ಚಾಯ್ತು. ಏಳು ಗಂಟೆ ಜೀಪಲ್ಲಿ ಕುಲುಕಿಸ್ಕೊಂಡು ಬಂದಿದ್ದೀನಿ ನಾನು.”

“ನಾನೇನು ನಿದ್ದೆ ಮಾಡ್ತಿರಲಿಲ್ಲ. ಸುಮ್ನೆ ಕಣ್ಣು ಮುಚ್ಚಿದ್ದೆ.”

“ಸರಿ ಬಿಡಿ. ಹಾಗಾದ್ರೆ ಕೆನ್ನೆ ಮೇಲೆ ಹರೀತಿರೋ ಹೊಳೆ ಯಾವ್ದು?”

ಅವಳು ಕೈಯಿಂದ ಕೆನ್ನೆ ಒರೆಸಿಕೊಂಡಳು. ಬೆರಳಿಗೆ ನೀಲಿ ಶಾಯಿ ಹತ್ತಿತು. ಕಂಪ್ಯೂಟರಿಗೆ ಏರಿಸುವ ಮೊದಲು ಗೆರೆಗಳನ್ನು ಕೈಯಲ್ಲೇ ಎಳೆದು ನೋಡುವುದು ಆ ಕೋಣೆಯ ಹಳೆಯ ಪದ್ಧತಿ. ಬೆಳಿಗ್ಗೆ ಎಳೆದ ಹೊಳೆ ಪೂರ್ತಿ ಒಣಗಿರಲಿಲ್ಲ.

“ಒರೆಸಬೇಡಿ, ಇನ್ನೂ ಹರಡ್ತು,” ಎಂದ ಅವನು, ಬಹಳ ಗಂಭೀರವಾಗಿ. “ಈಗ ಕೆರೆ ಆಯ್ತು.”

ಅವಳಿಗೆ ಸಿಟ್ಟು ಬರಬೇಕಿತ್ತು. ಆದರೆ ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕು. ಆ ಹೊತ್ತಿನಲ್ಲಿ ಅವಳಲ್ಲಿ ಇದ್ದದ್ದು ನಗುವಷ್ಟೇ ಶಕ್ತಿ.

ಅವನು ಹೊಸ ಜಿಯಾಲಜಿಸ್ಟ್. ಎಂಟು ವರ್ಷ ಬೆಟ್ಟ ಹತ್ತಿಳಿದು ಮಂಡಿ ಸವೆಸಿಕೊಂಡು ನಿವೃತ್ತರಾದ ಮೀಸೆ ಸಾಹೇಬರ ಜಾಗಕ್ಕೆ ಬಂದವನು. ಬ್ಯಾಟರಿಗೆ ಬೇಕಾದ ಲಿಥಿಯಂ ಎಲ್ಲಿದೆ ಹುಡುಕಿ ಎಂದು ಮೇಲಿನಿಂದ ತುರ್ತು ಆದೇಶ ಬಂದಿತ್ತು. ದೂರದ ಒಂದು ಕಣಿವೆಯಲ್ಲಿ ಲಿಥಿಯಂ ಇರುವ ಬಿಳಿಗಲ್ಲು ಎಳೆಎಳೆಯಾಗಿ ನೆಲದಿಂದ ಇಣುಕುತ್ತಿದೆ ಎಂಬ ಸುದ್ದಿ ಇತ್ತು. ಅವನು ಬೆಟ್ಟ ಸುತ್ತಿ ಕಲ್ಲನ್ನು ಅಳೆಯಬೇಕು, ಅವಳು ಆ ಅಳತೆಗಳನ್ನು ನಕ್ಷೆಯಾಗಿಸಬೇಕು, ನಕ್ಷೆ ನೋಡಿ ಎಲ್ಲಿ ಕೊರೆಯಬೇಕೆಂದು ಆಫೀಸಿನ ಮುಖ್ಯಸ್ಥೆ ದೊಡ್ಡಮೇಡಂ ನಿರ್ಧರಿಸಬೇಕು. ಅದಕ್ಕೆ ಐದು ತಿಂಗಳ ಗಡುವು.

“ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತೆ, ಮೊದಲೇ ಹೇಳಿಬಿಡ್ತೀನಿ,” ಎಂದ ಹೊರಡುವಾಗ.

“ನಮ್ಮಕ್ಕ ಟೈಲರ್. ಅವಳ ಅಳತೆ ಪುಸ್ತಕ ಓದೋದು ಕಲ್ತಿದ್ದೀನಿ. ನಿಮ್ಮದು ಅದಕ್ಕಿಂತ ಕೆಟ್ಟದಾಗಿರೋಕೆ ಸಾಧ್ಯವೇ ಇಲ್ಲ.”

ಸಾಧ್ಯವಿತ್ತು. ಮುಂದಿನ ಶುಕ್ರವಾರ ಪುಟಗಳು ಬಂದಾಗ ಗೊತ್ತಾಯಿತು.

ಹದಿನೈದು ದಿನಕ್ಕೊಮ್ಮೆ ಆಫೀಸಿನ ಜೀಪಿನಲ್ಲಿ ಅವನ ಟಿಪ್ಪಣಿ ಪುಸ್ತಕದ ಜೆರಾಕ್ಸ್ ಪುಟಗಳು ಬರುತ್ತಿದ್ದವು. ಯಾವ ಜಾಗ, ಯಾವ ಕಲ್ಲು, ಎಳೆ ಯಾವ ದಿಕ್ಕಿಗೆ ಹೊರಟಿದೆ, ನೆಲದೊಳಗೆ ಎಷ್ಟು ಓರೆಯಾಗಿ ಇಳಿದಿದೆ. ಅದರ ನಡುನಡುವೆ ಅವನೂ ಇರುತ್ತಿದ್ದ.

‘೪೧ನೇ ಜಾಗ. ಬಿಳಿ ಎಳೆ, ಅಗಲ ಎರಡು ಮೀಟರ್. ಇಲ್ಲಿ ಇರುವುದು ಒಂದೇ ಮರ. ಅದರ ನೆರಳನ್ನು ನಾನೂ ಒಂದು ಮೇಕೆಯೂ ಹಂಚಿಕೊಂಡೆವು.’

ಅವಳು ಒಂದು ಚೀಟಿ ಬರೆದು ಜೀಪಿನವನ ಕೈಗೆ ಕೊಟ್ಟಳು. ‘೪೧ರಿಂದ ೪೨ಕ್ಕೆ ದೂರ ಬರೆದಿಲ್ಲ. ಮೇಕೆ ನಕ್ಷೆಯಲ್ಲಿ ಬರುವುದಿಲ್ಲ.’

ಮುಂದಿನ ಕಟ್ಟಿನ ಮೊದಲ ಹಾಳೆಯಲ್ಲೇ ಉತ್ತರವಿತ್ತು. ‘ದೂರ ೧೧೬ ಮೀಟರ್. ಮೇಕೆಗೆ ಬೇಜಾರಾಗಿದೆ.’

ಆಮೇಲೆ ಫೋನು ಶುರುವಾಯಿತು. ಸಂಜೆ ಐದೂವರೆಗೆ ಅವನು ಸಿಗ್ನಲ್ ಸಿಗುವ ಬಂಡೆ ಹತ್ತಿ ಕೂರುತ್ತಿದ್ದ. ಅವಳು ಬಸ್ಸಿನ ಕಿಟಕಿ ಸೀಟಿನಲ್ಲಿ. ಇಬ್ಬರೂ ದಣಿದಿರುತ್ತಿದ್ದರು. ಎಷ್ಟೋ ದಿನ ಮಾತೇ ಇರುತ್ತಿರಲಿಲ್ಲ. ಅವನು ಬೂಟು ಕಳಚುವ ಸದ್ದು, ಒಂದು ಉಸಿರು. ಅವಳ ಕಡೆಯಿಂದ ಹಾರ್ನ್, ಕಂಡಕ್ಟರನ ಕೂಗು.

“ಇವತ್ತು ಎಷ್ಟು ನಡೆದ್ರಿ?”

“ಹದಿನಾರು ಕಿಲೋಮೀಟರ್. ನೀವು?”

“ನಾನು ಎಲ್ಲಿ ನಡೀತೀನಿ? ನನ್ನ ನಕ್ಷೇಲಿ ನೀವು ಮೂವತ್ತೆರಡು ಸೆಂಟಿಮೀಟರ್ ನಡೆದ್ರಿ.”

“ಅಷ್ಟೇನಾ! ಕಾಲು ನೋಡಿದ್ರೆ ಹಾಗನ್ನಿಸಲ್ಲ.”

ಅಕ್ಕನಿಗೆ ಇದೆಲ್ಲ ಬೇಗ ಗೊತ್ತಾಯಿತು. ಹೊಲಿಗೆ ಮೆಷಿನ್ನಿನ ಮುಂದೆ ಕೂತವರಿಗೆ ತಲೆಯೆತ್ತದೆ ಎಲ್ಲವನ್ನೂ ನೋಡುವ ವಿದ್ಯೆ ಇರುತ್ತದೆ.

“ಕಲ್ಲಿನ ವಿಷಯ ಇಷ್ಟೊಂದು ಮಾತಾಡೋಕೆ ಇರುತ್ತೇನೇ?”

“ತುಂಬ ಇರುತ್ತೆ ಅಕ್ಕ.”

“ಇರಲಿ ಇರಲಿ. ಆದ್ರೆ ಕಲ್ಲಿಗೆ ಯಾಕೆ ಮುಖ ಕೆಂಪಾಗುತ್ತೆ ಅಂತ ಕೇಳ್ದೆ.”

ಎರಡನೆಯ ತಿಂಗಳಲ್ಲಿ ಒಂದು ದಿನ ಅವಳು ಅವನಿಗೆ ಕೊಡುವ ಚೀಟಿಯಲ್ಲಿ ಒಂದು ಪ್ರಶ್ನೆ ಬರೆದಳು. ದಿಕ್ಸೂಚಿಯ ಮುಳ್ಳು ನೇರವಾಗಿ ಉತ್ತರ ದಿಕ್ಕನ್ನು ತೋರಿಸುವುದಿಲ್ಲ. ಆ ಕಣಿವೆಯಲ್ಲಿ ಅದು ಹನ್ನೊಂದು ಡಿಗ್ರಿ ಸರಿದು ನಿಲ್ಲುತ್ತದೆ. ಆ ಹನ್ನೊಂದನ್ನು ಯಾರಾದರೂ ಒಬ್ಬರು ಕಳೆಯಬೇಕು. ಬೆಟ್ಟದಲ್ಲಿ ಅಳೆಯುವವರು ದಿಕ್ಸೂಚಿಯ ತಿರುಪನ್ನೇ ತಿರುಗಿಸಿ ಇಟ್ಟುಕೊಳ್ಳಬಹುದು, ಇಲ್ಲವೇ ಆಫೀಸಿನಲ್ಲಿ ಗೆರೆ ಎಳೆಯುವವರು ಕಳೆಯಬಹುದು. ಮೀಸೆ ಸಾಹೇಬರು ತಿರುಪು ಮುಟ್ಟಿದವರಲ್ಲ. “ಅದೆಲ್ಲ ನೀನು ನೋಡ್ಕೊಳ್ಳಮ್ಮ” ಎನ್ನುತ್ತಿದ್ದರು. ಎಂಟು ವರ್ಷ ಆಯಾ ಜಾಗದ ವ್ಯತ್ಯಾಸವನ್ನು ಅವಳೇ ಕಳೆದಿದ್ದಳು. ಈಗಲೂ ಕಳೆಯುತ್ತಿದ್ದಳು.

‘ದಿಕ್ಸೂಚಿ ತಿದ್ದಿಟ್ಟುಕೊಂಡಿದ್ದೀರಾ?’ ಎಂದು ಬರೆದು ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಅವನು ಹಗಲು ಕಾಲೇಜಿನಲ್ಲಿ ಆರು ವರ್ಷ ಓದಿದವನು. ಅವಳದು ಸಂಜೆ ಕ್ಲಾಸಿನ ಡಿಪ್ಲೊಮಾ. ದಿನವಿಡೀ ಟ್ರೇಸಿಂಗ್ ಮಾಡಿ, ಆರೂವರೆಗೆ ಕ್ಲಾಸಿಗೆ ಹೋಗಿ, ಆಕಳಿಸುತ್ತಾ ಕಲಿತದ್ದು. ಇಷ್ಟು ಸಣ್ಣ ವಿಷಯ ಕೇಳಿದರೆ ಏನಂದುಕೊಳ್ಳುತ್ತಾನೋ? ಎಲ್ಲರೂ ಮಾಡುವ ಹಾಗೆಯೇ ಮಾಡಿರುತ್ತಾನೆ. ರಬ್ಬರ್ ತೆಗೆದುಕೊಂಡು ಅಳಿಸಿದಳು. ಅದರ ಮೇಲೆ ‘ಮೇಕೆ ಹೇಗಿದೆ?’ ಎಂದು ಬರೆದಳು.

ನಕ್ಷೆ ಗಡುವಿಗೆ ಮೊದಲೇ ಮುಗಿಯಿತು. ಬೆಟ್ಟದ ನೆತ್ತಿಯಲ್ಲಿ ಕಾಣುವ ಬಿಳಿ ಎಳೆ ಕೆಳಗಿನ ಬಯಲಿಗೆ ಬರುವಷ್ಟರಲ್ಲಿ ಮಣ್ಣಿನಡಿ ಮುಚ್ಚಿಹೋಗುತ್ತದೆ. ಕೊರೆಯುವ ಯಂತ್ರ ನಿಲ್ಲುವುದು ಬಯಲಿನಲ್ಲೇ. ಆದ್ದರಿಂದ ಎಳೆಯ ಗೆರೆಯನ್ನು ನಕ್ಷೆಯ ಮೇಲೆ ಒಂಬೈನೂರು ಮೀಟರ್ ಮುಂದಕ್ಕೆಳೆದು, ಆ ಜಾಗದಲ್ಲಿ ಸರ್ವೆಯವರು ಗೂಟ ಹೊಡೆದರು. ಆ ವಾರ ಅವನು ಜ್ವರ ಬಂದು ಕ್ಯಾಂಪಿನ ಮಂಚ ಹಿಡಿದಿದ್ದ.

ಗೂಟದ ಜಾಗದಲ್ಲಿ ಕೊರೆದ ಮೊದಲ ಕೊಳವೆಯಲ್ಲಿ ಬಿಳಿಗಲ್ಲು ಬರಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದೂ ಬರೀ ಕಪ್ಪುಕಲ್ಲು.

ಸೋಮವಾರ ಮಧ್ಯಾಹ್ನ ಅವನು ನಕ್ಷೆ ಕೋಣೆಗೆ ಬಂದ. ಜ್ವರದಲ್ಲಿ ಇಳಿದುಹೋಗಿದ್ದ. ಅಂಗಿಯ ಕಾಲರ್ ಕತ್ತಿಗೆ ದೊಡ್ಡದಾಗಿತ್ತು. ಚೀಲದಿಂದ ದಿಕ್ಸೂಚಿ, ಸುತ್ತಿಗೆ, ಭೂತಗನ್ನಡಿ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ.

“ಇವನ್ನ ಸ್ಟೋರಿಗೆ ವಾಪಸ್ ಮಾಡಬೇಕು. ಫಾರ್ಮ್ ತುಂಬಿಕೊಡ್ತೀರಾ? ನನ್ನ ಕೈಲಿ ಆಗ್ತಿಲ್ಲ.”

“ಯಾಕೆ ವಾಪಸ್?”

“ನಾಳೆ ಹತ್ತು ಗಂಟೆಗೆ ದೊಡ್ಡಮೇಡಂ ಮೀಟಿಂಗ್ ಕರೆದಿದ್ದಾರೆ. ಅಳತೆ ತಪ್ಪಿದ್ದು ನಾನೇ ಅಂತ ಬರೆದುಕೊಡ್ತೀನಿ. ಇನ್ಮುಂದೆ ಫೀಲ್ಡ್ ಬೇಡ ಅಂತಲೂ ಬರೀತೀನಿ. ಯಾವುದೋ ಊರಿನ ಆಫೀಸಿನಲ್ಲಿ ಒಂದು ಕುರ್ಚಿ ಕೊಡ್ತಾರೆ.”

“ನೀವು ಆ ಕಲ್ಲನ್ನ ಕೈಯಿಂದ ಮುಟ್ಟಿ ಅಳೆದಿದ್ರಿ ಅಲ್ವಾ?”

“ಮುಟ್ಟಿದ್ದೆ.” ಅವನು ತನ್ನ ಅಂಗೈ ನೋಡಿಕೊಂಡ. “ಹದಿನೇಳು ವರ್ಷದಿಂದ ಇದನ್ನೇ ಮಾಡ್ತಿದ್ದೀನಿ. ಈಗ ಕೈನೇ ನಂಬೋಕಾಗ್ತಿಲ್ಲ.”

“ನಕ್ಷೇಲಿ ಏನಾದ್ರೂ…”

“ನಿಮ್ಮ ನಕ್ಷೇಲಾ?” ಅವನು ನಕ್ಕ. ಇಡೀ ಮಧ್ಯಾಹ್ನದಲ್ಲಿ ಅದೊಂದೇ ನಗು. “ಅದರ ಮೇಲೆ ನನಗೆ ಒಂದು ದಿನವೂ ಅನುಮಾನ ಬಂದಿಲ್ಲ.”

ಬಾಗಿಲ ಹತ್ತಿರ ಹೋಗಿ ತಿರುಗಿದ. ಮೇಜಿನ ಮೇಲಿನ ಸುತ್ತಿಗೆಯನ್ನೊಮ್ಮೆ ನೋಡಿ ಹೊರಟ.

ಅವಳು ಫಾರ್ಮ್ ತೆಗೆದಳು. ‘ಉಪಕರಣದ ಸ್ಥಿತಿ’ ಎಂಬ ಅಂಕಣವಿತ್ತು. ಬೇರೆಯವರಾಗಿದ್ದರೆ ‘ಸರಿಯಾಗಿದೆ’ ಎಂದು ಗೀಚಿ ಮುಗಿಸುತ್ತಿದ್ದರು. ಅವಳು ದಿಕ್ಸೂಚಿಯ ಮುಚ್ಚಳ ಬಿಚ್ಚಿದಳು. ಗಾಜಿನಲ್ಲಿ ಬಿರುಕಿಲ್ಲ, ಕನ್ನಡಿ ಸ್ವಚ್ಛ, ಮುಳ್ಳು ಸಲೀಸಾಗಿ ಆಡುತ್ತದೆ. ಡಿಗ್ರಿ ಗೆರೆಗಳಿರುವ ಬಿಲ್ಲೆಯ ಸೊನ್ನೆ ಮೇಲಿನ ಕಚ್ಚಿನ ನೇರಕ್ಕೆ ಇರಬೇಕಲ್ಲ, ಇರಲಿಲ್ಲ. ಪಕ್ಕಕ್ಕೆ ಸರಿದಿತ್ತು. ಗೆರೆಗಳನ್ನು ಎಣಿಸಿದಳು.

ಹನ್ನೊಂದು.

ಎಣಿಸುತ್ತಿದ್ದ ಪೆನ್ಸಿಲ್ ಕೈಯಿಂದ ಜಾರಿ ಉರುಳಿಹೋಯಿತು. ಎತ್ತಿಕೊಳ್ಳಲಿಲ್ಲ. ಅವನು ತಿರುಪು ತಿರುಗಿಸಿ, ಸರಿಪಡಿಸಿದ ಅಳತೆಗಳನ್ನೇ ಬರೆದಿದ್ದ. ಅದರಿಂದ ಅವಳು ಮತ್ತೆ ಹನ್ನೊಂದು ಕಳೆದಿದ್ದಳು. ಒಂದೊಂದು ಗೆರೆಯಿಂದಲೂ. ಮೂರು ಮೂರು ಸಲ ಪರೀಕ್ಷಿಸಿ. ಒಂಬೈನೂರು ಮೀಟರ್ ದೂರಕ್ಕೆ ಹನ್ನೊಂದು ಡಿಗ್ರಿ ತಪ್ಪಿದರೆ ಎಷ್ಟಾಗುತ್ತದೆ? ಲೆಕ್ಕ ಹಾಕಲು ಕಾಗದ ಬೇಕಾಗಲಿಲ್ಲ. ನೂರ ಎಪ್ಪತ್ತೈದು ಮೀಟರ್. ಗೂಟಗಳು ಅಷ್ಟು ದೂರದಲ್ಲಿ, ಏನೂ ಇಲ್ಲದ ನೆಲದಲ್ಲಿ ನಿಂತಿದ್ದವು.

ಯಂತ್ರ ಇನ್ನೂ ಕಣಿವೆಯಲ್ಲೇ ಇತ್ತು. ಶನಿವಾರ ಅದನ್ನು ಬಿಚ್ಚಿ ಸಾಗಿಸುತ್ತಾರೆ.

ಮನೆಗೆ ಹೋಗಿ ಅವಳು ಅಕ್ಕನ ಎದುರು ನೆಲದ ಮೇಲೆ ಕುಸಿದು ಕೂತಳು. ಬಟ್ಟೆಯ ಚೂರುಗಳ ನಡುವೆ ಕೂತು ಎಲ್ಲ ಹೇಳಿದಳು. ಅಕ್ಕ ಮೆಷಿನ್ ನಿಲ್ಲಿಸಿದಳು. ಅವಳು ಮೆಷಿನ್ ನಿಲ್ಲಿಸುವುದು ಅಪರೂಪ.

“ಬೇರೆ ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ.”

“ಹೇಳದೇ ಇದ್ರೆ?”

“ಯಾರಿಗೂ ಗೊತ್ತಾಗಲ್ಲ. ತಪ್ಪು ಅವರದ್ದೇ ಅಂತ ಅವರೇ ನಂಬಿದ್ದಾರೆ.” ಅವಳು ಒಂದು ಬಟ್ಟೆಯ ಚೂರನ್ನು ಮಡಚಿ ಬಿಚ್ಚಿದಳು. “ನನ್ನ ಪ್ರಮೋಷನ್ ಫೈಲ್ ದೊಡ್ಡಮೇಡಂ ಟೇಬಲ್ ಮೇಲಿದೆ ಅಕ್ಕ. ಸಂಜೆ ಕ್ಲಾಸಿನವರಿಗೆ ಯಾರಿಗೂ ಇಲ್ಲಿವರೆಗೆ ಸಿಕ್ಕಿಲ್ಲ. ಅದು ಹೋದ್ರೂ ಹೋಗಲಿ. ಆದ್ರೆ ಅವರು… ನಾನೇ ಅವರ ಕೈಯನ್ನ ಕೆಡಿಸಿದೆ ಅಂತ ಗೊತ್ತಾದ್ರೆ ನನ್ನ ಮುಖ ನೋಡ್ತಾರಾ?”

ಅಕ್ಕ ಸೂಜಿಯನ್ನು ರವಿಕೆಯ ತೋಳಿಗೆ ಸಿಕ್ಕಿಸಿಕೊಂಡಳು. “ನಾನು ಹೊಸದಾಗಿ ಅಂಗಡಿ ಹಾಕಿದಾಗ ಒಬ್ಬರ ಕೋಟಿಗೆ ಎರಡೂ ಎಡಗೈ ತೋಳೇ ಹೊಲಿದಿದ್ದೆ, ನೆನಪಿದ್ಯಾ?”

“ಮದುವೆಗೆ ಅಂತ ಹೊಲಿಸಿದ್ರಲ್ಲ, ಅವರಾ?”

“ಅವರೇ. ಹೋಗಿ ಹೇಳ್ದೆ. ಬಾಯಿಗೆ ಬಂದ ಹಾಗೆ ಬೈದ್ರು. ಬೈಸ್ಕೊಂಡೆ. ವಾಪಸ್ ತಂದು ಬಿಚ್ಚಿ ಹೊಲಿದೆ. ಮದುವೆ ಆಯ್ತು. ಮೂರು ಮಕ್ಕಳಾದ್ರು. ಮೊನ್ನೆ ಕೂಡ ಪ್ಯಾಂಟ್ ಕೊಟ್ಟು ಹೋದ್ರು.”

“ಇದು ಕೋಟಲ್ಲ ಅಕ್ಕ.”

“ಅಲ್ಲ ಕಣೇ. ಅದಕ್ಕೇ ಇವತ್ತೇ ಊಟ ಮಾಡಿ ಬೇಗ ಮಲಗು. ಬೈಸ್ಕೊಳ್ಳೋಕೂ ತ್ರಾಣ ಬೇಕು.”

ಮರುದಿನ ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಅವನು ದೊಡ್ಡಮೇಡಂ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದ. ಕೈಯಲ್ಲಿ ಮಡಚಿದ ಕಾಗದ. ಅವಳು ಪಕ್ಕದಲ್ಲಿ ಕೂತು, ದಿಕ್ಸೂಚಿಯನ್ನು ಅವನ ಕೈಗಿಟ್ಟಳು.

“ನೀವು ಇದನ್ನ ತಿದ್ದಿಟ್ಕೊಂಡಿದ್ರಿ.”

“ಹೌದು. ಮೊದಲನೇ ದಿನವೇ. ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೀನಲ್ಲ?”

“ಮೊದಲ ಪುಟ ನನಗೆ ಬರಲೇ ಇಲ್ಲ.”

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. ಆ ಪುಟದಲ್ಲಿ ಅವನ ವಿಳಾಸ, ರಕ್ತದ ಗುಂಪು ಎಲ್ಲ ಇತ್ತು. ಆಫೀಸಿಗೆ ಯಾಕೆ ಅದು ಎಂದು ಜೆರಾಕ್ಸ್ ಮಾಡಿರಲಿಲ್ಲ.

“ನಾನೂ ಕಳೆದೆ,” ಎಂದಳು ಅವಳು. “ಹನ್ನೊಂದು. ಎಲ್ಲ ಗೆರೆಯಿಂದಲೂ. ಎರಡನೇ ತಿಂಗಳಲ್ಲಿ ಕೇಳೋಣ ಅಂತ ಬರೆದಿದ್ದೆ. ಆಮೇಲೆ ಅಳಿಸಿದೆ. ಇಷ್ಟೂ ಗೊತ್ತಿಲ್ವಾ ಅಂತ ನೀವು ನಗ್ತೀರೇನೋ ಅನ್ನಿಸ್ತು. ನಿಮ್ಮ ಅಳತೇಲಿ ತಪ್ಪಿಲ್ಲ. ಕೈಯಲ್ಲೂ ತಪ್ಪಿಲ್ಲ. ಆ ಕಾಗದ ಹರಿದುಹಾಕಿ.”

ಅವನು ಕಾಗದ ಹರಿಯಲಿಲ್ಲ. ಅವಳನ್ನು ನೋಡದೆ ದಿಕ್ಸೂಚಿಯ ಬಿಲ್ಲೆಯನ್ನೇ ನೋಡುತ್ತಾ ಕೂತ. ಬೈದಿದ್ದರೆ ಎಷ್ಟೋ ಮೇಲಿತ್ತು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ದೊಡ್ಡಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿಸಿಕೊಂಡರು. ಅವಳು ನಿಂತುಕೊಂಡೇ ಹೇಳಿದಳು. ಮುಗಿದ ಮೇಲೂ ಕೂರಲಿಲ್ಲ.

“ಇನ್ನೊಂದು ವಿಷಯ ಇದೆ ಮೇಡಂ,” ಎಂದ ಅವನು ನಿಧಾನವಾಗಿ. “ಜ್ವರ ಬಿಟ್ಟ ಮೇಲೆ ಗೂಟದ ಹತ್ತಿರ ಹೋಗಿ ನಿಂತಿದ್ದೆ. ಬೆಟ್ಟದ ಕಡೆ ನೋಡಿದ್ರೆ ಎಳೆ ಇನ್ನೂ ಆಚೆ ಬರಬೇಕು ಅನ್ನಿಸ್ತು. ಹೇಳಬೇಕಿತ್ತು. ನಕ್ಷೆ ಇವರದ್ದು, ತಪ್ಪಿರಲ್ಲ, ಜ್ವರದ ಕಣ್ಣು ನನ್ನದು ಅಂತ ಸುಮ್ಮನಾದೆ.”

ದೊಡ್ಡಮೇಡಂ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು. “ಅಂದ್ರೆ ಇವರು ಕೇಳಲಿಲ್ಲ, ನೀವು ಹೇಳಲಿಲ್ಲ. ಚೆನ್ನಾಗಿದೆ ಜೋಡಿ. ಮೂರು ಕೊಳವೆ ಕೊರೆಸಿದ್ರಿ ಇಬ್ಬರೂ ಸೇರಿ.”

ಆಮೇಲೆ ಪಕ್ಕದಲ್ಲಿದ್ದ ಹಸಿರು ಫೈಲನ್ನು ಎತ್ತಿ ಮೇಜಿನ ಒಳಖಾನೆಗೆ ಹಾಕಿದರು. ಅದು ಯಾವ ಫೈಲೆಂದು ಅವಳು ಕೇಳಬೇಕಾಗಿರಲಿಲ್ಲ. “ಇದು ಈ ವರ್ಷ ಆಗಲ್ಲಮ್ಮ. ಮೆಮೊ ಕೂಡ ಕೊಡಬೇಕಾಗುತ್ತೆ. ಯಂತ್ರ ಶನಿವಾರದವರೆಗೆ ಇದೆ. ಇನ್ನೊಂದೇ ಒಂದು ಕೊಳವೆ, ಎಪ್ಪತ್ತು ಮೀಟರ್. ಅದರಲ್ಲೂ ಸಿಗದಿದ್ರೆ ಆ ಕಣಿವೆಯನ್ನ ಪಟ್ಟಿಯಿಂದ ತೆಗೀತಾರೆ, ಫೀಲ್ಡ್ ಬೇಡ ಅಂತ ಬರೆದಿರೋ ಇವರ ಪತ್ರಕ್ಕೂ ನಾನು ಸಹಿ ಹಾಕ್ತೀನಿ. ಇಬ್ಬರೂ ಹೋಗಿ. ಈ ಸಲ ಒಬ್ಬರು ಅಳೀರಿ, ಇನ್ನೊಬ್ಬರು ಪಕ್ಕದಲ್ಲೇ ನಿಂತು ನೋಡಿ.”

ಏಳು ಗಂಟೆಯ ಜೀಪು ಪ್ರಯಾಣದಲ್ಲಿ ಮೊದಲ ಮೂರು ಗಂಟೆ ಅವನು ಮಾತಾಡಲಿಲ್ಲ. ಡ್ರೈವರ್ ರೇಡಿಯೊ ಹಾಕಿದ. ಹಿಂದಿನ ಸೀಟಿನ ಮೌನಕ್ಕೆ ಹೆದರಿಕೊಂಡೋ ಏನೋ, ಆರಿಸಿದ. ಅವಳು ಕಿಟಕಿಯ ಹೊರಗೆ ನೋಡುತ್ತಾ ಕೂತಳು. ಅಳುವಷ್ಟು ಚೈತನ್ಯವೂ ಇರಲಿಲ್ಲ.

“ಕೋಪ ಬಂದಿದೆ ನನಗೆ,” ಎಂದ ಅವನು, ಇದ್ದಕ್ಕಿದ್ದಂತೆ.

“ಬರಲೇಬೇಕು.”

“ಹನ್ನೊಂದು ಕಳೆದಿದ್ದಕ್ಕಲ್ಲ. ಅದು ಯಾರ ಕೈಲಾದ್ರೂ ಆಗುತ್ತೆ. ನೀವು ಕೇಳಿದ್ರೆ ನಾನು ನಗ್ತೀನಿ ಅಂದ್ಕೊಂಡ್ರಲ್ಲ, ಅದಕ್ಕೆ. ಐದು ತಿಂಗಳು ದಿನಾ ಸಂಜೆ ಮಾತಾಡಿದ್ದೀವಿ. ಮೇಕೆ ವಿಷಯ ಕೇಳಿದ್ರಿ, ನನ್ನ ಕಾಲ್ಬೆರಳ ಗುಳ್ಳೆ ವಿಷಯ ಕೇಳಿದ್ರಿ. ಇದೊಂದನ್ನ ಕೇಳೋಕೆ ನಾನು ಅಷ್ಟು ದೂರದವನಾದ್ನಾ?”

ಅವಳು ಕಿಟಕಿಯಿಂದ ಅವನ ಕಡೆಗೆ ತಿರುಗಿ ಕೂತಳು. ಅವನು ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಕಡೆ ಚಾಚಿದ. ಅವಳು ಕುಡಿದಳು. ನೀರು ಬೆಚ್ಚಗಿತ್ತು, ಪ್ಲಾಸ್ಟಿಕ್ಕಿನ ವಾಸನೆ. ಅಷ್ಟು ಒಳ್ಳೆಯ ನೀರನ್ನು ಅವಳು ಆ ವಾರ ಕುಡಿದಿರಲಿಲ್ಲ.

ಮರುದಿನ ಬೆಳಿಗ್ಗೆ ಬೆಟ್ಟ ಹತ್ತಿದರು. ಹದಿನಾಲ್ಕು ವರ್ಷ ಬೆಟ್ಟಗಳನ್ನು ಬರೆದವಳು ಬೆಟ್ಟ ಹತ್ತುತ್ತಿದ್ದದ್ದು ಅದೇ ಮೊದಲು. ನೂರು ಹೆಜ್ಜೆಗೊಮ್ಮೆ ನಿಂತಳು. ಅವನೂ ನಿಂತ, ಅವಳಿಗಾಗಿ ಅಲ್ಲ, ತನಗೇ ಸುಸ್ತಾಯಿತು ಎನ್ನುವಂತೆ.

“ನಕ್ಷೇಲಿ ಈ ಏರು ಇಷ್ಟಿರಲಿಲ್ಲ,” ಎಂದಳು ಏದುಸಿರು ಬಿಡುತ್ತಾ.

“ಬರೆದವರನ್ನ ಕೇಳಬೇಕು.”

ನೆತ್ತಿಯಲ್ಲಿ ಬಿಳಿಗಲ್ಲಿತ್ತು. ಅವಳು ಅದನ್ನು ಸದಾ ಕೂದಲೆಳೆಯಷ್ಟು ತೆಳ್ಳಗಿನ ಕೆಂಪು ಗೆರೆಯಾಗಿ ಎಳೆದಿದ್ದಳು. ಇಲ್ಲಿ ಅದು ಒಬ್ಬರು ಕೈಕಾಲು ಚಾಚಿ ಮಲಗುವಷ್ಟು ಅಗಲ. ಬಿಸಿಲಿಗೆ ಬೆಚ್ಚಗಾಗಿತ್ತು. ಅಂಗೈ ಊರಿದಳು. ತೆಳು ಹಸಿರು ಹರಳುಗಳು ಉಗುರಿಗೆ ತಾಗಿದವು. ಅವನು ಅವಳ ಕೈಯನ್ನೇ ನೋಡುತ್ತಿದ್ದ. ಅದು ಗೊತ್ತಾಗಿ ಅವಳು ಕೈ ತೆಗೆಯಲಿಲ್ಲ.

“ಇಲ್ಲಿಂದ ನೀವೇ ನೋಡಿ ಹೇಳಬೇಕು,” ಎಂದ. “ನಾನು ಅಳತೆ ಕೋಲು ಹಿಡ್ಕೊಂಡು ಬಯಲಿಗೆ ಹೋಗ್ತೀನಿ.”

“ನಾನಾ? ಬೇಡ. ನಾನು ಮತ್ತೆ…”

“ಪಕ್ಕದಲ್ಲೇ ನಿಂತು ಹತ್ತು ಸಲ ಅಳೆಯೋಣ ಮೊದಲು. ನಂಬಿಕೆ ಬಂದ ಮೇಲೆ ಹೋಗ್ತೀನಿ. ಮತ್ತೆ, ಫೋನನ್ನ ಹತ್ತು ಹೆಜ್ಜೆ ಆಚೆ ಕಲ್ಲಿನ ಮೇಲಿಡಿ. ಹತ್ತಿರ ಇದ್ರೆ ಮುಳ್ಳು ಕೆಡುತ್ತೆ.”

ಹತ್ತು ಸಲ ಅಳೆದರು. ಹತ್ತೂ ಸಲ ಅವನ ಪುಸ್ತಕದಲ್ಲಿದ್ದ ಅಂಕೆಯೇ ಬಂತು. ಅವನು ಇಳಿದುಹೋದ. ಬಯಲಿನಲ್ಲಿ ಅವನು ಒಂದು ಚುಕ್ಕಿಯಾದ. ಅವನ ಕೆಂಪು ಬಿಳಿ ಕೋಲು ಬೆಂಕಿಕಡ್ಡಿಯಷ್ಟಾಯಿತು. ಕಲ್ಲಿನ ಮೇಲಿನ ಫೋನು ಸ್ಪೀಕರಿನಲ್ಲಿ ಕರಕರ ಎಂದಿತು.

“ಕಾಣ್ತಿದ್ದೀನಾ?”

“ಕಾಣ್ತಿದ್ದೀರಿ!” ಎಂದು ಕೂಗಿದಳು. “ಬಲಕ್ಕೆ ಹೋಗಿ!”

“ನನ್ನ ಬಲವೋ ನಿಮ್ಮ ಬಲವೋ?”

“ನನ್ನದು!”

ಚುಕ್ಕಿ ಸರಿಯಿತು. ಹಳೆಯ ಗೂಟಗಳನ್ನು ದಾಟಿತು. “ಇನ್ನೂ?” “ಇನ್ನೂ.” “ಇನ್ನೂನಾ?” “ಇನ್ನೂ.” ಎಷ್ಟು ದೂರ ಅವನನ್ನು ತಪ್ಪಿಸಿಬಿಟ್ಟಿದ್ದೆ ಎಂದು ಅವಳಿಗೆ ಕಣ್ಣಿಗೆ ಕಂಡದ್ದು ಆಗಲೇ. ಕಾಗದದ ಮೇಲೆ ಅದು ಒಂದು ಬೆರಳಗಲವೂ ಇರಲಿಲ್ಲ.

“ನಿಲ್ಲಿ! ಈಗ ಅಲ್ಲಾಡಬೇಡಿ, ನೋಡ್ತೀನಿ.”

ಅವಳು ದಿಕ್ಸೂಚಿಯನ್ನು ಎದೆಯ ಮಟ್ಟಕ್ಕೆ ಹಿಡಿದು ಉಸಿರು ಬಿಗಿಹಿಡಿದಳು. ಕಲ್ಲಿನ ಮೇಲಿಂದ ಅವನ ದನಿ ಬಂತು, ಗಾಳಿಯ ಸದ್ದಿನ ಜೊತೆಗೆ.

“ನೀವು ಅಳೀತಾ ಇರಿ. ನಾನು ಒಂದು ಮಾತು ಹೇಳಿಬಿಡ್ತೀನಿ. ಎದುರಿಗೆ ನಿಂತು ಹೇಳೋ ಧೈರ್ಯ ಐದು ತಿಂಗಳಿಂದ ಬಂದಿಲ್ಲ. ಇಲ್ಲಿಂದ ನೀವು ಒಂದು ಚುಕ್ಕಿ. ಚುಕ್ಕಿಗಾದ್ರೆ ಹೇಳಬಹುದು.” ಕೆಳಗೆ ಕೋಲು ಒಂದು ಸಲ ವಾಲಿ ಮತ್ತೆ ನೇರ ನಿಂತಿತು. “ದಿನವೆಲ್ಲ ನಡೆದು ಸಾಕಾದ ಮೇಲೆ ಬಂಡೆ ಹತ್ತೋದು ಸಿಗ್ನಲ್‌ಗೆ ಅಂದ್ಕೊಂಡಿದ್ದೆ. ಸಿಗ್ನಲ್ ಕೆಳಗೂ ಸಿಗುತ್ತೆ. ಅಲ್ಲಿ ಕೂತ್ರೆ ನಿಮ್ಮ ಬಸ್ಸು ಓಡೋ ಊರಿನ ದಿಕ್ಕು ಕಾಣುತ್ತೆ ಅಂತ ಹತ್ತುತ್ತಿದ್ದೆ. ನನಗೆ ನೀವು ಬೇಕು. ಉಳಿದ ದಿನಕ್ಕೆಲ್ಲ.”

ಅವಳ ಕೈಯಲ್ಲಿ ಮುಳ್ಳು ಹುಚ್ಚುಹುಚ್ಚಾಗಿ ಓಲಾಡಿತು. ಅದು ನಿಲ್ಲುವವರೆಗೆ ಕಾದಳು. ಮತ್ತೆ ನೋಡಿದಳು. ಮತ್ತೊಮ್ಮೆ.

“ಬಲಕ್ಕೆ ಎರಡು ಹೆಜ್ಜೆ,” ಎಂದಳು.

ಚುಕ್ಕಿ ಎರಡು ಹೆಜ್ಜೆ ಸರಿಯಿತು. “ಅಷ್ಟೇನಾ?”

“ಅಷ್ಟೇ. ಗೂಟ ಹೊಡೀರಿ.”

ಗೂಟದ ಮೇಲೆ ಸುತ್ತಿಗೆ ಬೀಳುವುದು ಮೊದಲು ಕಂಡಿತು, ಸದ್ದು ಆಮೇಲೆ ಬಂತು. ಅವಳು ಬಿಳಿಗಲ್ಲಿನ ಮೇಲೆ ಕೂತುಕೊಂಡಳು. ಹೇಗೆ ಹೇಳುವುದು? ನೆಲದಡಿ ಏನೂ ಸಿಗದಿದ್ದರೆ ಅವನ ಹದಿನೇಳು ವರ್ಷ ಅವಳ ಪೆನ್ಸಿಲಿನಿಂದ ಮುಗಿದುಹೋಗುತ್ತದೆ. ಅಂಥವಳು ಯಾವ ಬಾಯಿಂದ ಹೂಂ ಅನ್ನಬೇಕು? ಸಿಗಲಿ. ಸಿಕ್ಕ ಮೇಲೆ ಹೇಳುತ್ತೇನೆ.

ಕೊರೆತ ಎರಡು ದಿನ ನಡೆಯಿತು. ಹತ್ತು ಮೀಟರ್ ಮಣ್ಣು. ಆಮೇಲೆ ಕಪ್ಪುಕಲ್ಲು. ಮೂವತ್ತು, ನಲವತ್ತು, ಐವತ್ತು. ಕೊಳವೆಯಿಂದ ಬರುವ ಕೆಸರು ನೀರು ಬೂದು ಬಣ್ಣದ್ದು, ಗಂಟೆಗಟ್ಟಲೆ ಅದೇ ಬೂದು. ಯಂತ್ರದ ಸದ್ದಿಗೆ ತಲೆ ಚಿಟ್ಟು ಹಿಡಿದಿತ್ತು. ಎರಡನೆಯ ದಿನ ನಾಲ್ಕು ಗಂಟೆಗೆ ಡ್ರಿಲ್ ಮೇಸ್ತ್ರಿ ಬಂದು ಮುಖ ಒರೆಸಿಕೊಂಡ.

“ಐವತ್ತೆಂಟಾಯ್ತು ಸಾರ್. ಏನೂ ಇಲ್ಲ. ಹಾಕೋದಾ, ಬಿಡೋದಾ?”

“ಎಪ್ಪತ್ತರವರೆಗೆ ಹಾಕಿ.”

ಮೇಸ್ತ್ರಿ ಭುಜ ಕುಣಿಸಿ ಹೋದ. ಅವನು ಟಾರ್ಪಾಲಿನ ನೆರಳಿನಲ್ಲಿ, ಕಲ್ಲಿನ ತುಂಡುಗಳನ್ನು ಸಾಲಾಗಿ ಜೋಡಿಸಿಡುವ ಮರದ ಪೆಟ್ಟಿಗೆಯ ಮೇಲೆ ಕೂತಿದ್ದ. ಎರಡು ದಿನದ ಗಡ್ಡ. ಕಣ್ಣಿನ ಸುತ್ತ ಕಪ್ಪು. ಬೆಟ್ಟದ ಮೇಲೆ ಹೇಳಿದ ಮಾತನ್ನು ಮತ್ತೆ ಎತ್ತಿರಲಿಲ್ಲ. ಊಟದ ತಟ್ಟೆ ಕೊಟ್ಟರೆ ಥ್ಯಾಂಕ್ಸ್ ಅನ್ನುತ್ತಿದ್ದ, ಅಷ್ಟೇ.

ಅವಳು ಹೋಗಿ ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ ಕೂತಳು. ಅವನು ಸರಿದು ಜಾಗ ಕೊಟ್ಟ. ಆ ಸರಿಯುವ ರೀತಿಯನ್ನು ಅವಳು ನೋಡಿದಳು. ತನ್ನಿಂದ ಯಾರಿಗೂ ತೊಂದರೆಯಾಗಬಾರದು ಎನ್ನುವವರು ಹಾಗೆ ಸರಿಯುತ್ತಾರೆ. ಅವಳಿಗೆ ಅದು ಚೆನ್ನಾಗಿ ಗೊತ್ತು, ಅವಳು ಸರಿಯುವುದೂ ಹಾಗೆಯೇ.

ಇನ್ನು ಹನ್ನೆರಡು ಮೀಟರ್ ಉಳಿದಿತ್ತು. ಕಲ್ಲು ಸಿಕ್ಕ ಮೇಲೆ ಹೂಂ ಅಂದರೆ ಅದು ಕಲ್ಲಿಗೆ ಅಂದ ಹಾಗೆ ಆಗುತ್ತದೆ. ಅವನಿಗಲ್ಲ.

“ಮೊನ್ನೆ ನೀವು ಬಯಲಿಂದ ಒಂದು ಮಾತು ಹೇಳಿದ್ರಿ,” ಎಂದಳು.

“ಹೇಳಿದ್ದೆ. ಮರೆತುಬಿಡಿ ಅಂತ ಹೇಳೋಣ ಅಂದ್ಕೊಳ್ತಿದ್ದೆ.”

“ಹೂಂ.”

“ಮರೀತೀರಾ?”

“ಅಯ್ಯೋ, ಅದಕ್ಕಲ್ಲ. ಆ ಮಾತಿಗೆ. ಹೂಂ.”

ಅವನು ತಿರುಗಿದ. ಯಂತ್ರದ ಸದ್ದಿನಲ್ಲಿ ಸರಿಯಾಗಿ ಅರ್ಥವಾಯಿತೋ ಇಲ್ಲವೋ ಎಂಬಂತೆ ಅವಳ ಮುಖವನ್ನೇ ನೋಡಿದ. ಕಣ್ಣುಗಳನ್ನು, ಆಮೇಲೆ ತುಟಿಯನ್ನು, ಮತ್ತೆ ಕಣ್ಣುಗಳನ್ನು.

“ಕಲ್ಲು ಇನ್ನೂ ಸಿಕ್ಕಿಲ್ಲ,” ಎಂದ.

“ಗೊತ್ತು.”

“ಸಿಗದೇ ಇರಬಹುದು. ಆಮೇಲೆ ನಾನು ಯಾವುದೋ ಊರಲ್ಲಿ ಫೈಲ್ ಕಟ್ಟೋನಾಗ್ತೀನಿ.”

“ಆಗಿ. ನಾನು ಮೆಮೊ ತಗೊಂಡೋಳು. ನಮ್ಮಿಬ್ಬರಿಗೆ ಯಾರು ಸಂಬಂಧ ಹುಡುಕಿಕೊಂಡು ಬರ್ತಾರೆ?”

“ಯೋಚನೆ ಮಾಡಿ ಹೇಳ್ತಿದ್ದೀರಾ?”

“ಯೋಚನೆ ಮಾಡೋಕೆ ಕೂತಿದ್ರೆ ಹೇಳ್ತಾನೇ ಇರಲಿಲ್ಲ.”

ಅವನು ಪೆಟ್ಟಿಗೆಯ ಮೇಲಿದ್ದ ಅವಳ ಕೈಯನ್ನು ಹಿಡಿದುಕೊಂಡ. ಬೆಟ್ಟ, ಸುತ್ತಿಗೆ, ಬಿಸಿಲು ಎಲ್ಲ ಸೇರಿ ಒರಟಾದ ಅಂಗೈ. ಅವಳ ಮಧ್ಯದ ಬೆರಳಿನಲ್ಲಿ ಪೆನ್ಸಿಲಿನ ಗಂಟು. ಇಬ್ಬರ ಭುಜಗಳೂ ಒಂದಕ್ಕೊಂದು ತಾಗಿ ಭಾರ ಇಳಿಸಿಕೊಂಡವು.

ಎಷ್ಟೋ ಹೊತ್ತಿನ ಮೇಲೆ ಯಂತ್ರದ ಸದ್ದು ಬದಲಾಯಿತು. ಅವನಿಗೆ ಮೊದಲು ಗೊತ್ತಾಯಿತು. ಅವನ ಬೆರಳುಗಳು ಬಿಗಿಯಾದವು. ಕೊಳವೆಯ ಬಾಯಿಂದ ಕಾಲುವೆಗೆ ಹರಿಯುತ್ತಿದ್ದ ನೀರು ಬೂದು ಬಣ್ಣದಿಂದ ತಿಳಿಯಾಗಿ, ತಿಳಿಯಿಂದ ಬೆಳ್ಳಗಾಗಿ, ಹಾಲು ಚೆಲ್ಲಿದ ಹಾಗೆ ಮಣ್ಣಿನ ಮೇಲೆ ಹರಡಿತು.

“ಸಾರ್!” ಮೇಸ್ತ್ರಿ ಎರಡೂ ಕೈ ಎತ್ತಿ ಕೂಗುತ್ತಿದ್ದ. “ಬಿಳಿ ಬಂತು ಸಾರ್! ಮೇಡಂ, ಬನ್ನಿ, ಬೇಗ ಬನ್ನಿ!”

ಅವನು ಏಳಲು ಹೊರಟ. ಅವಳ ಕೈ ತನ್ನ ಕೈಯಲ್ಲೇ ಇರುವುದು ಕಂಡು ಮತ್ತೆ ಕೂತ. ಅವಳ ಕಣ್ಣಿನಿಂದ ನೀರು ತಾನಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡಿಸಿಕೊಳ್ಳಬೇಕಿತ್ತು. ಬಿಡಿಸಿಕೊಳ್ಳಲಿಲ್ಲ.

“ಕರೀತಿದ್ದಾರೆ,” ಎಂದ.

“ಕೇಳಿಸ್ತು. ಹೋಗೋಣ.”

“ಹೂಂ, ಹೋಗೋಣ.”

ಇಬ್ಬರೂ ಅಲ್ಲೇ ಕೂತಿದ್ದರು.

“ಇನ್ನೊಂದು ನಿಮಿಷ,” ಎಂದಳು ಅವಳು. “ಇಷ್ಟು ವರ್ಷ ಕಾದಿರೋ ಕಲ್ಲು, ಎಲ್ಲೂ ಓಡಿಹೋಗಲ್ಲ.”